ಕಳಶಗಿತ್ತಿಯಿಲ್ಲದ ಆಲ್ಬಂ

ನನ್ನ ಮದುವೆಯ ಆಲ್ಬಂ ತೋರಿಸು ಎಂದು ಯಾರಾದರೂ ಕೇಳಿದರೆ, ಬೀರುವಿನ ಬೀಗದ ಕೈ ಎಲ್ಲೋ ಇಟ್ಟಿದ್ದೇನೆ ಎನ್ನುತ್ತೇನೆ. ಬೀಗದ ಕೈ ಫ್ರಿಜ್ಜಿನ ಮೇಲೇ ಇರುತ್ತದೆ. ಅದೇನು ಕೆಟ್ಟ ಆಲ್ಬಮ್ಮಲ್ಲ. ಇಷ್ಟು ಕಡಿಮೆಗೆ ಇಷ್ಟು ಚೆಂದ ಯಾರು ಮಾಡಿಕೊಟ್ಟರು ಎಂದು ನೋಡಿದವರೆಲ್ಲ ಕೇಳಿದ್ದರು. ಆ ಒಂದು ಮಾತು ಕೇಳಬೇಕೆಂದೇ ನಾನು ಅಷ್ಟೆಲ್ಲ ಮಾಡಿದ್ದು.

ಅಪ್ಪ ಫೋಟೋಗೆಂದು ಎತ್ತಿಟ್ಟಿದ್ದ ದುಡ್ಡು ಅಷ್ಟಕ್ಕಷ್ಟೆ. ನನಗೋ ಮೊಬೈಲಿನಲ್ಲಿ ಕಂಡವರ ಮದುವೆ ನೋಡಿ ನೋಡಿ ತಲೆ ಕೆಟ್ಟಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಅನ್ನುವವಳು ನಾನು. ಆರ್.ಟಿ. ನಗರದಲ್ಲಿ ಆಗಷ್ಟೇ ಸ್ಟುಡಿಯೋ ತೆರೆದಿದ್ದ ಒಬ್ಬ ಫೋಟೋಗ್ರಾಫರನ್ನು ಹಿಡಿದೆ. ಡ್ರೋನ್ ಬೇಡ, ವಿಡಿಯೋ ಬೇಡ, ಜೊತೆಗೆ ಇನ್ನೊಬ್ಬರು ಬೇಡ, ನೀವೊಬ್ಬರೇ ಒಂದು ಕ್ಯಾಮೆರಾ ಹಿಡಿದು ಬನ್ನಿ ಎಂದು ಚೌಕಾಸಿ ಮಾಡಿದೆ. ಮದುವೆಗೆ ಮುಂಚಿನ ಫೋಟೋಗಳನ್ನು ಹೆಬ್ಬಾಳದ ಕೆರೆಯ ಹತ್ತಿರ ಎಳೆಬಿಸಿಲಿನಲ್ಲಿ, ಗೆಳತಿಯ ಗೌನು ತೊಟ್ಟು ತೆಗೆಸಿಕೊಂಡೆ. ಗೌನು ಸಡಿಲವೆಂದು ಬೆನ್ನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಕೆಲಸ ಬಲ್ಲ ಮನುಷ್ಯ.

ನಮ್ಮ ಮನೆಯ ಪದ್ಧತಿಯಲ್ಲಿ ಮದುಮಗಳಿಗೆ ಸೋದರತ್ತೆಯೇ ಕಳಶಗಿತ್ತಿ. ಶಾಸ್ತ್ರ ಶುರುವಾದಾಗಿನಿಂದ ಧಾರೆ ಮುಗಿಯುವವರೆಗೂ ಅವಳು ಕಳಶ ಹಿಡಿದು ಮದುಮಗಳ ಮಗ್ಗುಲು ಬಿಡುವಂತಿಲ್ಲ. ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಸಹಕಾರನಗರದ ಒಂದು ಶಾಲೆಯಲ್ಲಿ ಆಯಾ. ಅವಳಿಗೆ ಇಬ್ಬರೂ ಗಂಡುಮಕ್ಕಳು, ಒಬ್ಬನೇ ತಮ್ಮನಿಗೆ ನಾನೊಬ್ಬಳೇ ಮಗಳು. ಅವಳ ಜನ್ಮಕ್ಕೆ ಕಳಶ ಹಿಡಿಯುವ ಭಾಗ್ಯ ಬಂದಿದ್ದು ಅದೊಂದೇ ಸಲ. ಫೋಟೋ ತಂದು ತೋರಿಸುತ್ತೇನೆ ಎಂದು ಶಾಲೆಯ ಟೀಚರುಗಳಿಗೆಲ್ಲ ಹೇಳಿ ಬಂದಿದ್ದಳು. ಸಂಜಯನಗರದ ಛತ್ರದಲ್ಲಿ ಬೆಳಗಿನ ಒಂದು ಲೋಟ ಕಾಫಿ ಬಿಟ್ಟರೆ ಏನೂ ಮುಟ್ಟದೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಸೋಡಾಬುಡ್ಡಿ ಕನ್ನಡಕ ಅವಳದು. ಅದಿಲ್ಲದಿದ್ದರೆ ಒಂದು ಮೊಳ ಆಚೆ ಅವಳಿಗೆ ಏನೂ ಕಾಣುವುದಿಲ್ಲ.

ತಿಂಗಳಾದ ಮೇಲೆ ಆಲ್ಬಮ್ಮಿಗೆ ಫೋಟೋ ಆರಿಸಲು ಸ್ಟುಡಿಯೋಗೆ ಹೋದೆ. ಫೋಟೋಗ್ರಾಫರು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೋರಿಸುತ್ತಾ ಹೋದರು. ನಾನು ಎಷ್ಟು ಚೆನ್ನಾಗಿ ಬಂದಿದ್ದೆ! ಆದರೆ ಪ್ರತಿಯೊಂದರಲ್ಲೂ ನನ್ನ ಹೆಗಲ ಹತ್ತಿರ ಅತ್ತೆ, ಅವಳ ಕನ್ನಡಕದ ಮೇಲೆ ಫ್ಲಾಶಿನ ಎರಡು ಬಿಳಿ ಬೊಟ್ಟು. ಬೇರೆ ಕಡೆಯಿಂದ ತೆಗೆದದ್ದು ಇಲ್ಲವೇ ಎಂದೆ. ಇನ್ನೊಂದು ಕ್ಯಾಮೆರಾ ಬೇಡ ಅಂದವರು ನೀವೇ ಅಲ್ವಾ ಎಂದರು. ನನಗೆ ಮೈಯೆಲ್ಲ ಉರಿಯಿತು.

"ಇವ್ರನ್ನ ತೆಗೆದುಬಿಡಿ," ಎಂದೆ.

ಇವರು ಯಾರು ಎಂದು ಕೇಳಿದರು.

"ಯಾರೋ ದೂರದ ನೆಂಟ್ರು ಬಿಡಿ."

ಆಡಿದ ಮರುಕ್ಷಣವೇ ನನ್ನ ಕಿವಿ ಬಿಸಿಯಾಯಿತು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ ಕೆಲಸ ಶುರು ಮಾಡಿದರು. ಅಂಚಿನಲ್ಲಿದ್ದ ಕಡೆ ಅತ್ತೆಯನ್ನು ಕತ್ತರಿಸಿದರು, ಕತ್ತರಿಸಲಾಗದ ಕಡೆ ಅಳಿಸಿ ಅಲ್ಲಿ ಹೂವಿನ ಅಲಂಕಾರ ತುಂಬಿದರು. ತಾಳಿ ಕಟ್ಟುವ ಫೋಟೋದಲ್ಲಿ ಮಾತ್ರ ಕೈ ಉಳಿಯಿತು. ಹೂವಿನ ಭಾರದ ಜಡೆಯನ್ನು ಅತ್ತೆ ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಆ ಕೈ ಅಳಿಸಿದರೆ ಜಡೆ ಗಾಳಿಯಲ್ಲಿ ನಿಲ್ಲುತ್ತದೆ ಎಂದರು. ಇರಲಿ ಬಿಡಿ, ಯಾರ ಕೈ ಅಂತ ಯಾರಿಗೆ ಗೊತ್ತಾಗತ್ತೆ ಎಂದೆ.

ಆಲ್ಬಂ ಬಂದ ವಾರವೇ ಅತ್ತೆ ಬಂದಳು. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡಳು. ಮೊದಲರ್ಧ ನಗುತ್ತಾ ಮಗುಚಿದಳು. ಆಮೇಲೆ ನಗು ನಿಂತಿತು. ಕೊನೆಗೆ ಬಂದು, ಮತ್ತೆ ಮೊದಲಿನಿಂದ ನೋಡಿದಳು. ತಾಳಿ ಕಟ್ಟುವ ಹಾಳೆಯಲ್ಲಿ ಬೆರಳಿಟ್ಟು, ಈ ಹಸಿರು ಬಳೆ ನನ್ನದಲ್ಲವೇನೇ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಇನ್ನೇನೂ ಕೇಳುವ ಮೊದಲೇ ನಾನು ಶುರು ಮಾಡಿದೆ. ಆ ಫೋಟೋಗ್ರಾಫರಿಗೆ ಕೆಲಸವೇ ಬರುವುದಿಲ್ಲ, ನಿನ್ನನ್ನು ಸರಿಯಾಗಿ ತೆಗೆದೇ ಇಲ್ಲ, ನಾನೂ ಬೈದು ಬಂದೆ ಎಂದೆಲ್ಲ ಒದರಿದೆ. ಅತ್ತೆ ನಂಬಿದಳು. ನನಗೆ ಮೋಸ ಮಾಡಿದವನ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಆಲ್ಬಂ ಪೆಟ್ಟಿಗೆಯ ಮೇಲೆ ಸ್ಟುಡಿಯೋ ವಿಳಾಸವಿತ್ತು. ಶನಿವಾರ ಶಾಲೆ ಮುಗಿಸಿ ಸೀದಾ ಅಲ್ಲಿಗೇ ಹೋಗಿದ್ದಾಳೆ. ಮಧ್ಯಾಹ್ನ ನನಗೆ ಫೋಟೋಗ್ರಾಫರ ಫೋನು ಬಂತು.

"ಅಕ್ಕ, ದೂರದ ನೆಂಟ್ರು ಅಂದಿದ್ರಲ್ಲ, ಅವ್ರು ಬಂದಿದ್ರು."

ಅತ್ತೆ ಒಳಗೆ ಕಾಲಿಟ್ಟವಳೇ, ನಮ್ಮ ಹುಡುಗಿ ದುಡ್ಡಿಗೆ ಅನ್ಯಾಯ ಮಾಡಿದೆಯಲ್ಲಪ್ಪ ಎಂದು ಬಾಯಿಗೆ ಬಂದ ಹಾಗೆ ಬೈದಳಂತೆ. ಅವರು ತಲೆ ತಗ್ಗಿಸಿ ಬೈಸಿಕೊಂಡರಂತೆ, ನನ್ನ ಹೆಸರೆತ್ತಲಿಲ್ಲವಂತೆ. ಬೈದು ಸುಸ್ತಾದ ಮೇಲೆ, ನಾನಿರುವುದು ಒಂದಾದರೂ ಇದ್ದರೆ ತೋರಿಸಪ್ಪ ಎಂದಳಂತೆ.

"ಇಲ್ಲ ಅನ್ನೋಕೆ ನನ್ ಕೈಲಿ ಆಗ್ಲಿಲ್ಲ ಅಕ್ಕ. ಎಲ್ಲಾ ತೋರಿಸ್ಬಿಟ್ಟೆ."

ಅತ್ತೆ ನಮ್ಮ ಮನೆಗೆ ಬರುವಷ್ಟರಲ್ಲಿ ನಾಲ್ಕು ಬಗೆಯ ಸುಳ್ಳು ಹೊಂದಿಸಿಕೊಂಡಿದ್ದೆ. ಯಾವುದಕ್ಕೂ ಅವಳು ಅವಕಾಶ ಕೊಡಲಿಲ್ಲ. ನೀರು ಕುಡಿದು, ಕನ್ನಡಕ ಬಿಚ್ಚಿ ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಮೊದ್ಲೇ ಒಂದ್ ಮಾತು ಯೋಳಿದ್ರೆ ಕನ್ನಡಕ ತೆಗ್ದು ನಿಂತ್ಕೊತಿದ್ನಲ್ಲ ಮಗಾ," ಎಂದಳು.

ಸಿಟ್ಟಿರಲಿಲ್ಲ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಷ್ಟು ಜನರ ನಡುವೆ, ಮೆಟ್ಟಿಲು ಕಾಣದೆ, ತುಂಬಿದ ಕಳಶ ಹಿಡಿದು, ಅವಳು ನಿಜವಾಗಿಯೂ ಹಾಗೇ ನಿಲ್ಲುತ್ತಿದ್ದಳು.

ಆಮೇಲೆ ಚೀಲದಿಂದ ಒಂದು ಫೋಟೋ ತೆಗೆದಳು. ನಿಮಗೆ ಬೇಕಾದ್ದೊಂದು ಆರಿಸಿಕೊಳ್ಳಿ, ಮುದ್ರಿಸಿ ಕೊಡುತ್ತೇನೆ ಎಂದಿದ್ದರಂತೆ ಅವರು. ಎಲ್ಲವನ್ನೂ ನೋಡಿ ಅವಳು ಆರಿಸಿದ್ದು, ನಾನು ಬಾಯ್ತುಂಬ ನಗುತ್ತಿರುವ ಫೋಟೋ. ಅದರಲ್ಲಿ ಅತ್ತೆಯ ಮುಖ ಕಳಶದ ತೆಂಗಿನಕಾಯಿ ಮತ್ತು ವೀಳ್ಯದೆಲೆಯ ಹಿಂದೆ ಮುಚ್ಚಿಹೋಗಿತ್ತು.

"ಇದ್ರಲ್ಲಿ ನೀನು ಎಷ್ಟ್ ಲಕ್ಷಣವಾಗಿದೀಯ ನೋಡು. ಸೋಮವಾರ ಇದ್ನೇ ಸ್ಕೂಲಿಗೆ ತಗೊಂಡೋಗ್ತೀನಿ. ಕಳಶ ಕಾಣ್ತದಲ್ಲ, ಸಾಕು."

ತಪ್ಪಾಯಿತು ಎನ್ನಬೇಕಿತ್ತು. ಕಾಫಿ ಮಾಡುತ್ತೇನೆ ಎಂದು ಎದ್ದು ಒಳಗೆ ಹೋದೆ.