ಬಾವಿಕಟ್ಟೆಯ ಸೀಟಿ

ಮುರುಗೆಪ್ಪನವರ ಬಗ್ಗೆ ಬರೆಯಹೊರಟರೆ ಮೊದಲು ನನ್ನ ಮೇಲೆ ಬಂದ ಅಪವಾದವನ್ನೇ ಹೇಳಬೇಕಾಗುತ್ತದೆ. 1931ರ ಮಳೆಗಾಲ. ಪುಣೆಯ ಶನಿವಾರ ಪೇಟೆಯ ಒಂದು ವಾಡೆಯಲ್ಲಿ ನಾನು ಮದುವೆಯಾಗದ ಕಾರಕೂನ, ಒಂದು ಖೋಲಿಯ ಬಾಡಿಗೆದಾರ. ದಿನಾ ನಸುಕಿನಲ್ಲಿ ಹಿತ್ತಲ ಬಾವಿಯ ಕಡೆ ಯಾರೋ ಸೀಟಿ ಹೊಡೆಯುತ್ತಿದ್ದರು. ಅದೇ ಹೊತ್ತಿಗೆ ಮಾಲಕಿ ರಂಗೂಬಾಯಿಯವರ ತಂಗಿಯ ಮಗಳು ಇಂದೂ ನೀರು ಸೇದಲು ಬರುತ್ತಿದ್ದಳು. ಇನ್ನೇನು ಬೇಕು?

“ಮಾರ್ತಾಂಡ, ಐತವಾರ ಖೋಲಿ ಖಾಲಿ ಮಾಡು,” ಎಂದರು ರಂಗೂಬಾಯಿ. ನನಗೆ ಸೀಟಿ ಹೊಡೆಯಲು ಬರುವುದೇ ಇಲ್ಲ ಎಂದರೆ ಯಾರು ನಂಬಬೇಕು? ಇಂಥ ಕೆಟ್ಟ ಹೆಸರು ಹೊತ್ತ ಒಂಟಿ ಗಂಡಸಿಗೆ ಬೇರೆ ಖೋಲಿ ಯಾರು ಕೊಡಬೇಕು? ನಿಜ ಹುಡುಕಲು ಹಿತ್ತಲಿಗೆ ಕಾಲಿಟ್ಟರೆ ಅಪವಾದ ಖಾತ್ರಿಯಾಗುತ್ತಿತ್ತು.

ನಂಬಿದವರು ಎದುರು ಖೋಲಿಯ ಮುರುಗೆಪ್ಪನವರು ಒಬ್ಬರೇ. ಬೈಲಹೊಂಗಲದ ಕಡೆಯವರು, ಕಚೇರಿಯಲ್ಲಿ ಗುಮಾಸ್ತರು. ರಜೆ ಸಿಕ್ಕರೆ ಸಿಂಹಗಡದಲ್ಲಿ ಹಕ್ಕಿ ಹುಡುಕುತ್ತ ಅಲೆಯುವ ಹುಚ್ಚು. “ಇದು ಮನಷ್ಯಾ ಅಲ್ಲಪಾ. ಗಡದ ಕೊಳ್ಳದಾಗಿನ ಹಕ್ಕಿ. ಊರಾಗ ಬರೂದು ಭಾಳ ಅಪರೂಪ. ಹನ್ನೆರಡು ವರ್ಷ ಆತು, ದನಿ ಕೇಳೇನಿ, ಮಾರಿ ಕಂಡಿಲ್ಲ,” ಎಂದರು. ಅದರ ಬಣ್ಣ ಅವರಿಗೆ ಗೊತ್ತಿದ್ದದ್ದು ಸಾಹೇಬರೊಬ್ಬರ ಪುಸ್ತಕದ ಚಿತ್ರದಿಂದ. ಹಾಗಾದರೆ ಎದ್ದು ನೋಡಿ ಸಾಕ್ಷಿ ಹೇಳಬಾರದೆ? ಹಕ್ಕಿ ಬರುವುದು ಸರಿಯಾಗಿ ಅವರ ಲಿಂಗಪೂಜೆಯ ಹೊತ್ತಿಗೆ. ಅಂಗೈಯಲ್ಲಿ ಇಷ್ಟಲಿಂಗ ಇರುವಷ್ಟು ಹೊತ್ತು ಮಾತಿಲ್ಲ, ಕಣ್ಣು ಆಚೀಚೆ ಹೋಗುವಂತಿಲ್ಲ. ಇಪ್ಪತ್ತೆರಡು ವರ್ಷದ ನೇಮ. ಪೂಜೆ ಮುಗಿಯುವಷ್ಟರಲ್ಲಿ ಹಕ್ಕಿ ಮಾಯ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಐತವಾರ ನಸುಕಿನಲ್ಲಿ ರಂಗೂಬಾಯಿ ಕೊನೆಯ ಪರೀಕ್ಷೆ ಇಟ್ಟರು. ಬಾಯಿ ತುಂಬ ನೀರು ತುಂಬಿಸಿ ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದರು. ನೀರು ಬಾಯಲ್ಲಿರುವಾಗಲೇ ಸೀಟಿ ಕೇಳಿಸಿದರೆ ನಾನು ಗೆದ್ದಂತೆ. ಕೇಳಿಸಿತು! ಆ ಖುಷಿಗೆ ನಗು ತಡೆಯಲಾಗದೆ ನೀರೆಲ್ಲ ಅವರ ಮಡಿಸೀರೆಯ ಮೇಲೆ ಚಿಮ್ಮಿಸಿಬಿಟ್ಟೆ.

“ಹಾಳಾದವನ! ಸೀಟಿ ಹೊಡೀಲಿಕ್ಕೇ ನೀರು ಉಗುಳಿದೆಲ್ಲೋ! ಈಗಿಂದೀಗ ಗಂಟು ಕಟ್ಟು!”

ನಾನು ಅಲ್ಲೇ ಅವರ ಕಾಲ ಬುಡದಲ್ಲಿ ಅಡ್ಡಬಿದ್ದೆ. ಆಗ ಕಿಟಕಿಯೊಳಗಿಂದ ಮುರುಗೆಪ್ಪನವರ ದನಿ ಬಂತು. ಪೂಜೆಯ ನಡುವೆ!

“ಏ, ಪೇರಲ ಗಿಡದಾಗ ನೋಡ! ಹೆಗಲ ಮ್ಯಾಲ ನೀಲಿ ಐತೇನ?”

ನೀರು ಸೇದುತ್ತಿದ್ದ ಅವರ ಹೆಂಡತಿ ಕಲ್ಲವ್ವಕ್ಕ ಕತ್ತೆತ್ತಿದರು. “ಐತ್ರಿ! ಮೈಯೆಲ್ಲ ಚಂದ್ರಕಾಳಿ ಸೀರಿಗತೆ ಕರಿ, ಹೆಗಲಿಗೂ ಹಣಿಗೂ ಮಿಂಚೂ ನೀಲಿ. ರಂಗೂಬಾಯಾರ, ನೋಡ್ರಿ, ಅದೇ ಸೀಟಿ ಹೊಡ್ಯಾಕತ್ತೈತಿ!”

ರಂಗೂಬಾಯಿ ನೋಡಿದರು. “ಖೋಲಿಯಲ್ಲೇ ಇರು ಇನ್ನ,” ಎಂದು ನನಗೆ ಹೇಳಿ ಎರಡನೇ ಸ್ನಾನಕ್ಕೆ ಹೋದರು.

ಮುರುಗೆಪ್ಪನವರು ನನಗಾಗಿ ಮೌನ ಮುರಿದರು, ಕಣ್ಣನ್ನು ಮಾತ್ರ ಲಿಂಗದಿಂದ ಎತ್ತಿರಲಿಲ್ಲ. ಮತ್ತೆ ಮಿಂದು, ಮೊದಲಿನಿಂದ ಪೂಜೆ ಮಾಡಿ ಹೊರಬಂದಾಗ ಹಕ್ಕಿ ಹೋಗಿತ್ತು. ಆಮೇಲೆ ಎಂದೂ ಬರಲಿಲ್ಲ. ನನ್ನ ಪಕ್ಕ ಬಂದು ಕೂತು ಆಸೆಯಿಂದ ಕೇಳಿದರು: “ಆಕಿ ಸೀರಿ ಬಿಟ್ಟು ಬ್ಯಾರೆ ಹೇಳಂಗಿಲ್ಲ. ನೀ ಹೇಳಪಾ, ಹೆಂಗಿತ್ತು?”

ಹಕ್ಕಿ ಹಾರುವವರೆಗೂ ನೆಲಕ್ಕೆ ಮೂಗು ಹಚ್ಚಿ ಬಿದ್ದಿದ್ದ ನಾನು ಕಂಡದ್ದು ರಂಗೂಬಾಯಿಯವರ ಕಾಲ್ಬೆರಳು ಮಾತ್ರ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.