ಲೋರ್ನಾ ಕೂಗದ ಹೆಸರು

ಆಗಷ್ಟೇ ಬೆಳಕು ಹರಿಯುತ್ತಿದೆ. ಕಬ್ಬಿಣದ ಕೊಳವೆಗಳಿಂದ ಕಟ್ಟಿದ ದೊಡ್ಡಿಯ ನಟ್ಟನಡುವೆ ಲೋರ್ನಾ ಸುಮ್ಮನೆ ನಿಂತಿದ್ದಾಳೆ. ಸುತ್ತ ಮುನ್ನೂರ ನಲವತ್ತು ಕರುಗಳು. ತಾಯಂದಿರಿಂದ ಬೇರೆ ಮಾಡಿ ಇವತ್ತಿಗೆ ನಾಲ್ಕು ದಿನ. ಅರಚಿ ಅರಚಿ ಗಂಟಲು ಬಿದ್ದುಹೋಗಿದೆ, ಆದರೂ ಬಿಡದೆ ಅರಚುತ್ತಿವೆ. ಜೋಲುಗಿವಿಯ ಕೆಂದ ಕರುವೊಂದು ಗುಂಪಿನಿಂದ ಬೇರೆಯಾಗಿ ಮೂತಿ ಚಾಚಿಕೊಂಡು ಅವಳ ಕಡೆ ಬರುತ್ತದೆ. ಇನ್ನೇನು ಕೈ ಮೂಸಬೇಕು, ಅಷ್ಟರಲ್ಲಿ ಲೋರ್ನಾ ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿ ಅಂಗೈ ಎತ್ತುತ್ತಾಳೆ. ಕರು ಎರಡು ಮಾರು ದೂರದಲ್ಲೇ ನಿಲ್ಲುತ್ತದೆ.

“ಅಲ್ಲೇ ಇರು ಮಗಾ. ಅಲ್ಲಿಂದ್ಲೇ ನೋಡು, ನಾನೇನು ಓಡಿಹೋಗಲ್ಲ,” ಎನ್ನುತ್ತಾಳೆ. ಎಂಥವರಿಗೂ ಒಮ್ಮೆ ಆ ಹಣೆ ಸವರಬೇಕು ಅನ್ನಿಸುತ್ತದೆ. ಲೋರ್ನಾ ಸವರುವುದಿಲ್ಲ. ಹನ್ನೊಂದು ವರ್ಷದಿಂದ ಒಂದೇ ಒಂದು ಕರುವನ್ನೂ ಅವಳು ಮುದ್ದಿಗೆಂದು ಮುಟ್ಟಿಲ್ಲ.

ಬೇಲಿಗೆ ಒರಗಿ ನಿಂತ ಮುಖ್ಯ ದನಗಾಹಿ ಕ್ಲೆಮ್ ಚಹಾ ಹೀರುತ್ತ ಕೆಣಕುತ್ತಾನೆ. “ಏನಮ್ಮಾ ಮೇಷ್ಟ್ರೇ, ಪಾಠ ಎಲ್ಲಿಗೆ ಬಂತು? ಪರೀಕ್ಷೆ ಯಾವಾಗ?”

“ಬಾಯಿ ಮುಚ್ಕೊಂಡು ನಿಂತ್ಕೊಳ್ಳೋದೇ ಮೊದಲ್ನೇ ಪಾಠ. ಅದ್ರಲ್ಲೇ ಮೂವತ್ತು ವರ್ಷದಿಂದ ನೀನು ಫೇಲು!”

ಉತ್ತರ ಆಸ್ಟ್ರೇಲಿಯಾದ ಕೊಲ್ಲಿ ಸೀಮೆಯಲ್ಲಿ ಕುಲಬಾ ಡೌನ್ಸ್ ಅಂದರೆ ದನ ಮೇಯಿಸುವ ದೊಡ್ಡ ಕಾವಲು. ಹನ್ನೆರಡು ಸಾವಿರ ದನ, ಎಲ್ಲವೂ ಮಾಂಸಕ್ಕೆಂದು ಸಾಕಿದ, ಬ್ರಾಹ್ಮನ್ ಎಂಬ ಗೋತಳಿಯ ಮಿಶ್ರತಳಿ. ಬೆನ್ನ ಮೇಲೆ ಹಿಣಿಲು, ಕೊರಳಡಿ ಜೋಲುವ ಗಂಗೆದೊಗಲು, ಬಿಸಿಲಿಗೂ ಉಣ್ಣಿಹುಳಕ್ಕೂ ಜಗ್ಗದ ಚರ್ಮ. ದನ ಒಟ್ಟುಮಾಡುವ ಕಾಲ ಬಂತೆಂದರೆ ಪತ್ರಿಕೆಗಳಲ್ಲಿ ಹೆಲಿಕಾಪ್ಟರಿನ ಫೋಟೊ ಬರುತ್ತದೆ, ಅದನ್ನು ಓಡಿಸುವವನದೂ ಬರುತ್ತದೆ. ಹೆಲಿಕಾಪ್ಟರಿಗೆ ಹೆದರಿ ದಿಕ್ಕೆಟ್ಟು ಬಂದ ಪ್ರಾಣಿಗಳಿಗೆ ಮನುಷ್ಯರೆಂದರೆ ಯಮನಲ್ಲ ಎಂದು ಒಂದೊಂದಾಗಿ ತಿಳಿಸಿ ಹೇಳುವ ಐವತ್ತೇಳರ ಹೆಂಗಸಿನ ಫೋಟೊ ಇದುವರೆಗೆ ಯಾರೂ ಹಾಕಿಲ್ಲ. ಹೋಗಲಿ ಬಿಡಿ, ಅವಳಿಗೂ ಬೇಕಿಲ್ಲ.

“ಈ ತಳಿಗೆ ಜ್ಞಾಪಕ ಜಾಸ್ತಿ,” ಎನ್ನುತ್ತಾಳೆ ಲೋರ್ನಾ. “ಬೇರೆ ದನ ಏಟು ತಿಂದು ಹತ್ತು ನಿಮಿಷಕ್ಕೆ ಮೇಯ್ತಾ ನಿಲ್ಲುತ್ತೆ. ಇವು ಮನಸ್ಸಲ್ಲಿ ಇಟ್ಕೋತವೆ. ಹಾಲು ಬಿಡಿಸಿದ ವಾರದಲ್ಲಿ ಯಾರು ಹೊಡೆದ್ರು, ಯಾರು ಸುಮ್ನೆ ನಿಂತ್ರು, ಸಾಯೋವರೆಗೂ ಮರೆಯಲ್ಲ. ಅದಕ್ಕೇ ಆ ವಾರ ನಾನಿರ್ತೀನಿ.”

ಅವಳ ಪಾಠದಲ್ಲಿ ನಾಯಿ ಇಲ್ಲ, ಕೋಲಿಲ್ಲ, ಕೂಗಾಟವಂತೂ ಇಲ್ಲವೇ ಇಲ್ಲ. ಪ್ರತಿ ಪ್ರಾಣಿಯ ಸುತ್ತ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದಂತೆ. ಗೆರೆಯ ಹೊರಗಿದ್ದರೆ ಅದು ನಿಮ್ಮನ್ನು ನೋಡುತ್ತದೆ. ಒಳಗೆ ಒಂದು ಹೆಜ್ಜೆ ಇಟ್ಟರೆ ಹೊರಡುತ್ತದೆ, ಎರಡಿಟ್ಟರೆ ಕಂಗೆಟ್ಟು ಬೇಲಿ ಹಾರುತ್ತದೆ. ಭುಜದ ಹಿಂದೆ ನಡೆದರೆ ಮುಂದಕ್ಕೆ ಹೋಗುತ್ತದೆ, ಭುಜ ದಾಟಿ ಮುಂದೆ ಬಂದರೆ ನಿಲ್ಲುತ್ತದೆ. ಏಳು ಗಂಟೆಗೆ ಗೇಟು ತೆಗೆದು, ಕುದುರೆಯ ಮೇಲೆ ಕೂತು, ಮುನ್ನೂರ ನಲವತ್ತನ್ನೂ ಹುಲ್ಲುಗಾವಲಿಗೆ ನಡೆಸಿ, ಹತ್ತಕ್ಕೆ ವಾಪಸು ತಂದು ನೀರಿಗೆ ಬಿಡುತ್ತಾಳೆ. ಮಧ್ಯಾಹ್ನ ಮತ್ತೊಂದು ಸುತ್ತು. ಆರೇಳು ದಿನ ಹೀಗೆ ಮಾಡಿದರೆ ಆಯಿತು. ನೂರಕ್ಕೆ ಮೂರೋ ನಾಲ್ಕೋ ಮಾತ್ರ ದಾರಿಗೆ ಬರುವುದಿಲ್ಲ, ಅವನ್ನು ಗುರುತು ಹಾಕಿ ಬೇಗ ಕಸಾಯಿಖಾನೆಗೆ ಸಾಗಿಸುತ್ತಾರೆ.

“ಕೊನೆಗೆ ಎಲ್ಲವೂ ಟ್ರಕ್ಕು ಹತ್ತೋವೇ. ನನಗೇನು ಗೊತ್ತಿಲ್ವಾ? ಹೆದರ್ಕೊಂಡು ಹತ್ತೋದು ಬೇಡ, ಅಷ್ಟೇ.”

ಅವಳು ಹುಟ್ಟಿದ್ದು ಇದೇ ಕಾವಲಿನಲ್ಲಿ, ಹೊಳೆದಂಡೆಯ ತಗಡಿನ ಗುಡಿಸಲಲ್ಲಿ. ಅವಳ ಜನ ದನಗಳಿಗಿಂತ, ಬೇಲಿಗಳಿಗಿಂತ ಎಷ್ಟೋ ಮೊದಲಿನಿಂದ ಈ ನೆಲದವರು. ತಾಯಿ ಕಾವಲಿನ ಒಡೆಯರ ದೊಡ್ಡಮನೆಯ ಬಟ್ಟೆ ಒಗೆಯುತ್ತಿದ್ದಳು. ಹದಿನಾಲ್ಕಕ್ಕೆ ಲೋರ್ನಾ ಕುದುರೆ ಹತ್ತಿದಳು, ಹಿಂದೆಯೇ ಎರಡು ವರ್ಷ ಚಿಕ್ಕವನಾದ ತಮ್ಮನೂ ಹತ್ತಿದ. ಕೊರಳೆಲುಬು ಎರಡು ಸಲ ಮುರಿದಿದೆ, ಮೊಣಕಾಲಲ್ಲಿ ಲೋಹದ ಪಟ್ಟಿ ಇದೆ. ಮೋಡ ಕಟ್ಟಿದ ದಿನ ಕುದುರೆ ಹತ್ತಲು ಪೆಟ್ಟಿಗೆಯೊಂದನ್ನು ಮೆಟ್ಟಿಲು ಮಾಡಿಕೊಳ್ಳುತ್ತಾಳೆ. ಆ ನೋವುಗಳನ್ನು ಅವಳು ನಗುತ್ತಲೇ ಹೇಳುತ್ತಾಳೆ. ನಗದೆ ಹೇಳುವುದು ಒಂದೇ ಒಂದು ಸಂಗತಿಯನ್ನು.

ಹದಿನಾಲ್ಕು ವರ್ಷದ ಹಿಂದೆ ಒಂದು ಹಸು ಕೆರೆಯ ಕೆಸರಲ್ಲಿ ಹೂತು ಸತ್ತಿತು. ಅದರ ಹೋರಿಗರುವನ್ನು ಲೋರ್ನಾ ಕುದುರೆಯ ತಡಿಯ ಮೇಲೆ ಅಡ್ಡ ಹಾಕಿಕೊಂಡು ಬಂದಳು. ಐದು ತಿಂಗಳು ಬಾಟಲಿಯಲ್ಲಿ ಹಾಲು ಕುಡಿಸಿದಳು. ಕೆಲಸದ ಹೊತ್ತಿಗೆ ಬಿದ್ದುಕೊಂಡು ಊಟದ ಗಂಟೆಗೆ ಎದ್ದುಬರುತ್ತಿದ್ದ ಆ ಸೋಮಾರಿಗೆ, ಎಲ್ಲರೂ ನಗಲೆಂದು, ತಮ್ಮನ ಹೆಸರನ್ನೇ ಇಟ್ಟಳು. ತಮ್ಮನೂ ಬಿದ್ದು ಬಿದ್ದು ನಕ್ಕ. “ನನಗಿಂತ ಅವನೇ ಚೆಂದ ಇದಾನೆ ಬಿಡಕ್ಕ” ಅಂದ. ಇಬ್ಬರನ್ನೂ ಅವಳು ಒಂದೇ ದನಿಯಲ್ಲಿ ಕೂಗುತ್ತಿದ್ದಳು, ಇಬ್ಬರೂ ಬರುತ್ತಿದ್ದರು.

“ಬೀಜ ಒಡೆಸಿಬಿಡು, ಕೈಯಲ್ಲಿ ಬೆಳೆದ ಹೋರಿ ಒಳ್ಳೇದಲ್ಲ ಅಂತ ಕ್ಲೆಮ್ ಬಡ್ಕೊಂಡ. ಮುಂದಿನ ಸಲ, ಮುಂದಿನ ಸಲ ಅಂತ ನಾನೇ ತಳ್ಳಿದೆ. ಕಾಡಲ್ಲಿ ಬೆಳೆದದ್ದಕ್ಕೆ ಗೆರೆ ಇರುತ್ತೆ. ಇದಕ್ಕೆ ಗೆರೆಯೇ ಇರ್ಲಿಲ್ಲ. ನಾನೇ ಅಳಿಸಿದ್ದೆ.”

ಮೂರು ವರ್ಷಕ್ಕೆ ಅದು ಆರುನೂರು ಕಿಲೋ ತೂಗುತ್ತಿತ್ತು. ಆ ದಿನ ತಮ್ಮ ಇದೇ ದೊಡ್ಡಿಯೊಳಗೆ ಬೆನ್ನು ತಿರುಗಿಸಿ ಗೇಟಿನ ಸರಪಳಿ ಬಿಗಿಯುತ್ತಿದ್ದ. ಲೋರ್ನಾ ಗೇಟಿನ ಆಚೆಗಿದ್ದಳು. ಹಸುವೊಂದು ಗುಂಪಿನಿಂದ ಸಿಡಿದು ಅವನತ್ತ ನುಗ್ಗಿತು. ಎಚ್ಚರಿಸಲು ಅವಳು ಗಂಟಲು ಹರಿಯುವಂತೆ ಅವನ ಹೆಸರು ಕೂಗಿದಳು. ಹಸು ತಾನಾಗಿಯೇ ಪಕ್ಕಕ್ಕೆ ಹೊರಳಿತು. ಆದರೆ ದೊಡ್ಡಿಯ ಆ ತುದಿಯಲ್ಲಿ ನೀರು ಕುಡಿಯುತ್ತಿದ್ದ ಹೋರಿಗೂ ಅದೇ ಹೆಸರು. ಹಾಲು ಕುಡಿಸಿದ ದನಿ ಕೇಳಿ ಅದು ಖುಷಿಯಿಂದ ಓಡಿಬಂತು. ಅದಕ್ಕೂ ಅವಳಿಗೂ ನಡುವೆ ತಮ್ಮನಿದ್ದ, ಕೂಗಿಗೆ ತಿರುಗಿದ ಅವನ ಬೆನ್ನಿಗೆ ಗೇಟಿತ್ತು.

“ಸಿಟ್ಟಿನಿಂದ ಬರ್ಲಿಲ್ಲ ಅದು. ತಿವಿಯೋಕೂ ಇಲ್ಲ. ಅವನನ್ನ ಒತ್ಕೊಂಡೇ ಗೇಟಿನ ಮೇಲಿಂದ ಮೂತಿ ಚಾಚಿ ನನ್ನ ಕೈ ನೆಕ್ತಾ ಇತ್ತು.” ಲೋರ್ನಾ ತನ್ನ ಅಂಗೈ ನೋಡಿಕೊಳ್ಳುತ್ತಾಳೆ. “ನಾನು ಕೂಗದೇ ಇದ್ದಿದ್ರೆ ಅವನು ಇರ್ತಿದ್ದ.”

ಮಧ್ಯಾಹ್ನದ ಹೊತ್ತಿಗೆ ತಮ್ಮ ತೀರಿಕೊಂಡ. ಸಂಜೆ ಕ್ಲೆಮ್ ಬಂದೂಕು ತಂದಾಗ ಹೋರಿಯ ಹಗ್ಗ ಹಿಡಿದು ನಿಂತವಳೂ ಲೋರ್ನಾಳೇ. ಬೇರೆಯವರು ಹಿಡಿದರೆ ಅದು ಗಾಬರಿಯಾಗುತ್ತಿತ್ತು.

ಅವಳ ಜನರಲ್ಲಿ ಸತ್ತವರ ಹೆಸರನ್ನು ಯಾರೂ ಬಾಯಲ್ಲಿ ಆಡುವಂತಿಲ್ಲ. ಪಕ್ಕದ ಕಾವಲಿನಲ್ಲಿ ಅದೇ ಹೆಸರಿನವನೊಬ್ಬ ಅಂದಿನಿಂದ ಬರೀ ‘ಆ ಉದ್ದನೆಯವನು’ ಆದ. ರೇಡಿಯೊದಲ್ಲಿ ಆ ಹೆಸರಿನ ಹಾಡುಗಾರ ಬಂದರೆ ಗುಂಡಿ ತಿರುಗಿಸಿಬಿಡುತ್ತಿದ್ದರು. ಎರಡೋ ಮೂರೋ ವರ್ಷಕ್ಕೆ ಮನೆಯವರು ಹೆಸರನ್ನು ಬಿಡುಗಡೆ ಮಾಡುವುದು ವಾಡಿಕೆ. ಬಿಡುವ ಹಕ್ಕು ಇದ್ದದ್ದು ಅವನ ಹೆಂಡತಿ ನೊರೀನಳಿಗೆ. ಅವಳು ಈ ಕಾವಲಿನ ಅಡುಗೆಯವಳು. ಹನ್ನೊಂದು ವರ್ಷ ಅವಳು ಬಿಡಲಿಲ್ಲ, ದೊಡ್ಡಿಯ ಕಡೆ ತಲೆ ಹಾಕಲೂ ಇಲ್ಲ. ಲೋರ್ನಾಳಿಗೆ ಒಂದು ಕಟು ಮಾತು ಆಡಿದವಳಲ್ಲ, ಆದರೆ ಅವಳ ಪಕ್ಕದಲ್ಲಿ ಕೂತು ಒಂದು ತುತ್ತು ಉಂಡವಳೂ ಅಲ್ಲ. ಬಿಡು ಎಂದು ಲೋರ್ನಾ ಕೇಳಲಿಲ್ಲ. “ಯಾವ ಮುಖ ಇಟ್ಕೊಂಡು ಕೇಳ್ಲಿ? ಅವನ ಹೆಸರನ್ನ ದನಕ್ಕೆ ಇಟ್ಟೋಳು ನಾನು.”

ಕಳೆದ ತಿಂಗಳು ನೊರೀನಳ ಮಗಳಿಗೆ ಗಂಡುಮಗು ಹುಟ್ಟಿತು. ನೊರೀನ್ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಳು, ಅಲ್ಲಿಗೆ ಹೆಸರು ಬಿಡುಗಡೆಯಾಯಿತು. ಈಗ ಕ್ಲೆಮ್‌ನಿಂದ ಹಿಡಿದು ಟ್ರಕ್ಕಿನವರವರೆಗೆ ಎಲ್ಲರೂ ಬಾಯಿ ತುಂಬ ಆ ಮಗುವನ್ನು ಕರೆಯುತ್ತಾರೆ. ಲೋರ್ನಾ ಮಾತ್ರ ಮಗು ಇರುವ ಕಡೆ ಸುಳಿಯದೆ, ಅಡುಗೆಮನೆಯನ್ನು ಬಳಸಿಕೊಂಡು ಹೋಗುತ್ತಾಳೆ. (ಹೆಸರನ್ನು ಇಲ್ಲಿ ಬರೆಯಲು ಈಗ ಅಡ್ಡಿಯಿಲ್ಲ. ಬರೆಯುತ್ತಿಲ್ಲ. ಅದು ಆ ಮನೆಯವರ ಬಾಯಲ್ಲೇ ಇರಲಿ.)

ಹತ್ತು ಗಂಟೆ. ಕರುಗಳು ನೀರು ಕುಡಿದು ನೆರಳಲ್ಲಿ ಮಲಗಿವೆ. ಅಡುಗೆಮನೆ ಕಡೆಯಿಂದ ನೊರೀನ್ ಬರುತ್ತಿದ್ದಾಳೆ, ಒಂದು ಕೈಯಲ್ಲಿ ಚಹಾದ ಡಬ್ಬಿ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಮಗು. ಬೇಲಿ ಹತ್ತಿರ ಬರುವಷ್ಟರಲ್ಲಿ ಅವಳ ಹೆಜ್ಜೆ ನಿಧಾನವಾಗಿದೆ. ಕ್ಲೆಮ್ ಟೋಪಿ ತೆಗೆದು ದೂರ ಸರಿಯುತ್ತಾನೆ.

“ಎಲ್ರೂ ಕರೆದಾಯ್ತು ಇವನನ್ನ. ನೀನೊಬ್ಬಳೇ ಉಳಿದಿದೀಯ ಅಕ್ಕ,” ಎನ್ನುತ್ತಾಳೆ ನೊರೀನ್.

“ನನ್ ಬಾಯಲ್ಲಿ ಬೇಡ ಕಣೇ.”

“ನಿನ್ನ ಮೇಲಿನ ಸಿಟ್ಟಿಗೆ ಹೆಸರು ಮುಚ್ಚಿಟ್ಟೆ ಅಂದ್ಕೊಂಡ್ಯಾ ಇಷ್ಟು ದಿನ?”

“ಮತ್ತಿನ್ನೇನು?”

“ಮೊದಮೊದಲು ಸಿಟ್ಟೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಹೆದರಿಕೆ. ಅವತ್ತು ನೀನು ಕೂಗಿದ್ದು ನನಗೆ ಒಲೆ ಮುಂದೆ ಕೇಳಿಸ್ತು. ಹೆಸರು ಬಿಟ್ಟುಕೊಟ್ರೆ ನೀನು ಕರೀತೀಯ, ಆ ದನಿ ಮತ್ತೆ ಕಿವಿಗೆ ಬೀಳುತ್ತೆ. ನನ್ ಕೈಲಿ ಆಗ್ತಿರ್ಲಿಲ್ಲ.” ನೊರೀನ್ ಅಂಗಿಯ ತೋಳಲ್ಲೇ ಕಣ್ಣೊರೆಸಿಕೊಳ್ಳುತ್ತಾಳೆ. “ಈಗ ಕರಿ. ನಾನಿಲ್ಲೇ ಇದೀನಿ.”

ಲೋರ್ನಾ ಅಂಗೈಯನ್ನು ಪ್ಯಾಂಟಿಗೆ ಮೂರು ಸಲ ಒರೆಸುತ್ತಾಳೆ. ಕೊಳವೆಗಳ ನಡುವಿನಿಂದ ಕೈ ಚಾಚಿ ಮಗುವಿನ ಹಣೆ ಮುಟ್ಟುತ್ತಾಳೆ. ಬಗ್ಗಿ, ಅದರ ಕಿವಿಯ ಹತ್ತಿರ ತುಟಿ ತಂದು, ಹೆಸರು ಹೇಳುತ್ತಾಳೆ, ಎಷ್ಟು ಮೆಲ್ಲಗೆ ಎಂದರೆ ಪಕ್ಕದಲ್ಲಿದ್ದ ನೊರೀನಳಿಗೂ ಕೇಳಿಸಿರಲಾರದು. ಮಗು ಕಣ್ಣು ಬಿಡುವುದಿಲ್ಲ. ಇಬ್ಬರು ಹೆಂಗಸರೂ ಬೇಲಿಯ ಆಚೆ ಈಚೆ ನಿಂತು ಬಹಳ ಹೊತ್ತು ಅಳುತ್ತಾರೆ.

ಮುಂದಿನ ವರ್ಷ ಮೊಣಕಾಲಿನ ದೆಸೆಯಿಂದ ಅವಳು ಕೆಲಸ ಬಿಡಬೇಕಾಗಬಹುದು. ಇನ್ನೇನು ಆಸೆ ಇದೆ ಎಂದು ಕೇಳಿದರೆ ಲೋರ್ನಾ ಕರುಗಳ ಕಡೆ ನೋಡುತ್ತಾಳೆ, ಆಮೇಲೆ ಮಗುವಿನ ಕಡೆ.

“ಇವನು ನಡೆಯೋದು ಕಲೀಲಿ. ಆಮೇಲೆ ಒಂದೇ ಒಂದ್ಸಲ, ಗಂಟಲೆತ್ತಿ ಕರೀಬೇಕು. ಓಡಿ ಬರ್ತಾನಲ್ಲ, ಆಗ ನಮ್ಮಿಬ್ಬರ ಮಧ್ಯೆ ಯಾರೂ ನಿಂತಿರಬಾರದು. ಅಷ್ಟೇ ಸಾಕು.”