ಎಣ್ಣೆ ಹಚ್ಚಿದ ಸೈಕಲ್ಲು

ನಾನು ಬೈಲಹೊಂಗಲದಲ್ಲಿ ಹೊಸದಾಗಿ ಮಾಸ್ತರನಾಗಿದ್ದಾಗಿನ ಮಾತು. ದೇಗಾಂವದಲ್ಲಿ ಕನ್ಯೆ ನೋಡಲು ನಾನೂ ಸೋದರಮಾವನೂ ಒಂದೇ ಸೈಕಲ್ಲಿನ ಮೇಲೆ ಹೊರಟೆವು. ಮಗ ಹೆಣ್ಣು ನೋಡಲು ಹೋಗುತ್ತಾನೆಂಬ ಸಂಭ್ರಮದಲ್ಲಿ ಅವ್ವ ಹಿಂದಿನ ದಿನವೇ ಸೈಕಲ್ಲಿಗೆ ಕುಸುಬಿ ಎಣ್ಣೆ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿದ್ದಳು. ಗಾಲಿಯ ರಿಮ್ಮುಗಳನ್ನೂ ಬಿಟ್ಟಿರಲಿಲ್ಲ.

ದೇಗಾಂವದ ಹತ್ತಿರ ಇಳಿಜಾರು ಬಂದಾಗ ಬ್ರೇಕು ಹಿಡಿದೆ. ಅದು ಹಂದಿಮರಿಯಂತೆ ಚೀರಿತೇ ಹೊರತು ಸೈಕಲ್ಲು ನಿಲ್ಲಲಿಲ್ಲ.

"ಬ್ರೇಕ್ ಹಿಡಿಯೋ!" ಎಂದು ಹಿಂದೆ ಕುಳಿತಿದ್ದ ಮಾವ ಕೂಗಿದರು.

"ಹಿಡದೇನ್ರಿ ಮಾಮಾ, ನಿಂದ್ರವಲ್ದು!"

ಮಾವ ಎರಡೂ ಕಾಲು ನೆಲಕ್ಕೆ ಊರಿದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ನಾವು ಸೀದಾ ಒಂದು ಮನೆಯ ಮುಂದಿನ ಹೊಟ್ಟಿನ ರಾಶಿಯೊಳಗೆ ಹೋಗಿ ಬಿದ್ದೆವು. ಕೇಳಿದರೆ ಅದೇ ಕನ್ಯೆಯ ಮನೆ!

ಒಳಗಿನಿಂದ ಓಡಿಬಂದ ಹುಡುಗಿ ನಗು ತಡೆಯುತ್ತ ರಿಮ್ಮು ಮುಟ್ಟಿ, ಬೆರಳು ಮೂಸಿದಳು. "ಗಾಲಿಗೆ ಎಣ್ಣಿ ಹಚ್ಚೀರೇನ್ರಿ? ನಮ್ಮಣ್ಣನೂ ಒಮ್ಮೆ ಹಿಂಗ ಮಾಡಿ ಬಾವಿಕಟ್ಟಿಗೆ ಹೊಡದಿದ್ದ."

ಅವಳು ಅಂಟವಾಳದ ನೀರು, ಅರಿವೆ ತಂದುಕೊಟ್ಟಳು. ನಾನು ರಿಮ್ಮು ತೊಳೆದು ಒರೆಸಿದೆ. ಅವಳು ಬ್ರೇಕಿನ ರಬ್ಬರುಗಳನ್ನು ಕಲ್ಲಿಗೆ ತಿಕ್ಕಿ ಜಿಡ್ಡು ತೆಗೆಯುತ್ತ ಕುಳಿತಳು.

ಚಪ್ಪಲಿ ಹುಡುಕಿಕೊಂಡು ಬಂದ ಮಾವ, "ಒಳಗ ನಡಿಯಪಾ, ಹುಡುಗಿ ನೋಡೂಣು" ಎಂದರು.

"ನೋಡೇನ್ರಿ ಮಾಮಾ. ನೀವು ಒಳಗ ಹೋಗಿ ಒಪ್ಪಿಗಿ ಹೇಳ್ರಿ" ಎಂದೆ. ಅವಳು ತಲೆ ಬಗ್ಗಿಸಿ ರಬ್ಬರನ್ನು ಇನ್ನೂ ಜೋರಾಗಿ ತಿಕ್ಕತೊಡಗಿದಳು.

ಮರಳಿ ಬರುವಾಗ ಬ್ರೇಕು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ, ಮಾವನ ಮೂಗು ನನ್ನ ಬೆನ್ನಿಗೆ ಬಡಿಯಿತು. ಮಾಘದಲ್ಲಿ ನಮ್ಮ ಲಗ್ನವಾಯಿತು.